ತೊಳೆಯದ ಕಾಲು

ಮ್ಯಾಗಜೀನ್‌ಗೆ ಏನಾದ್ರೂ ಬರೆದುಕೊಡಿ ಅಂತ ಈಗಿನ ಸ್ಟೂಡೆಂಟ್ಸ್ ಫೋನ್ ಮಾಡಿದಾಗ ನನ್ನ ಕಣ್ಮುಂದೆ ಬಂದಿದ್ದು ಚಾಪೆಲ್‌ನಲ್ಲಿದ್ದ ಆ ನೀಲಿ ಬೇಸಿನ್. ನಮ್ಮ ಬೈಬಲ್ ಕಾಲೇಜಲ್ಲಿ ಈಸ್ಟರ್ ಹಿಂದಿನ ಗುರುವಾರ ಸಂಜೆ ಕಾಲು ತೊಳೆಯೋ ಆರಾಧನೆ ಇರ್ತಿತ್ತಲ್ಲ, ಸೀನಿಯರ್ಸ್ ಜೂನಿಯರ್ಸ್ ಕಾಲು ತೊಳೀಬೇಕು, ಮೇಷ್ಟ್ರುಗಳು ಸೀನಿಯರ್ಸ್ ಕಾಲು ತೊಳೀತಾರೆ. ಫೈನಲ್ ಇಯರ್‌ನಲ್ಲಿ ನಮಗೆ ಬೈಬಲ್‌ನ ಹೊಸ ಒಡಂಬಡಿಕೆ ಪಾಠ ಮಾಡ್ತಿದ್ದ ಸರ್ ನನ್ನ ಮುಂದೆ ಬಂದ್ರು. ಅವರಿಗೆ ಮಂಡಿನೋವು, ಒಂದು ಕೈಯಲ್ಲಿ ಬೆಂಚು ಹಿಡ್ಕೊಂಡು ನಿಧಾನಕ್ಕೆ ಕೆಳಗೆ ಕೂತ್ರು. ನನ್ನ ಪಾದ ಕೈಗೆ ತಗೊಂಡು ಒಂದ್ಸಲ ಹಿಮ್ಮಡಿ ಕಡೆ ತಿರುಗಿಸಿ ನೋಡಿ, ನನಗೊಬ್ಬನಿಗೇ ಕೇಳೋ ಹಾಗೆ, "ತೊಳ್ಕೊಂಡೇ ಬಂದಿದ್ದೀಯಲ್ಲೋ" ಅಂದ್ರು.

ಹೌದು, ತೊಳ್ಕೊಂಡೇ ಹೋಗಿದ್ದೆ. ಸೋಪ್ ಹಾಕಿ ಉಜ್ಜಿ ಉಜ್ಜಿ ತೊಳೆದಿದ್ದೆ, ನಾನೊಬ್ನೇ ಅಲ್ಲ, ಹಾಸ್ಟೆಲ್‌ನಲ್ಲಿ ಅವತ್ತು ಸಂಜೆ ನಲ್ಲಿ ಮುಂದೆ ಕ್ಯೂ ನಿಲ್ತಿತ್ತು. ಗುರುಗಳ ಕೈಗೆ ಕೊಳೆ ಕಾಲು ಕೊಡೋದು ಹೇಗೆ, ಅದು ಮರ್ಯಾದೆ ಅಲ್ಲ ಅಂತ ನಮ್ಮ ಲೆಕ್ಕ. ಸರ್ ಬೇರೇನೂ ಹೇಳ್ಲಿಲ್ಲ, ನೀರು ಹಾಕಿ ಟವೆಲ್‌ನಲ್ಲಿ ಒರೆಸಿ ಮುಂದಿನವನ ಹತ್ರ ಹೋದ್ರು.

ಮುಂದಿನ ವಾರ ಕ್ಲಾಸಲ್ಲಿ ಯೋಹಾನನ ಸುವಾರ್ತೆ 13ನೇ ಅಧ್ಯಾಯ, ಯೇಸು ಶಿಷ್ಯರ ಕಾಲು ತೊಳೆಯೋ ಭಾಗ, ತೆಗೀರಿ ಅಂತಾರೆ ಅಂದ್ಕೊಂಡಿದ್ವಿ, ಅವರು 12 ತೆಗೆಸಿದ್ರು. ಯೆಹೂದ್ಯರ ಪಸ್ಕಹಬ್ಬಕ್ಕೆ ಆರು ದಿನ ಇರುವಾಗ ಬೇಥಾನ್ಯದಲ್ಲಿ ಮರಿಯಳು ಯೇಸುವಿನ ಪಾದಕ್ಕೆ ತೈಲ ಹಚ್ಚಿ ತನ್ನ ಕೂದಲಿಂದ ಒರೆಸ್ತಾಳೆ, ಆತ ಸುಮ್ನೆ ಕೂತು ಅದನ್ನ ಸ್ವೀಕರಿಸ್ತಾನೆ, ಬೇಡ ಅನ್ನಲ್ಲ, ಅಡ್ಡಿ ಮಾಡಿದ ಶಿಷ್ಯ ಯೂದನಿಗೇ ಅವಳನ್ನ ಬಿಡು ಅಂತಾನೆ. ಅದಾದ್ಮೇಲೆ ಮುಂದಿನ ಅಧ್ಯಾಯದಲ್ಲಿ ತಾನೇ ಸೊಂಟಕ್ಕೆ ಕೈಪಾವಡ, ಅಂದ್ರೆ ಟವೆಲ್, ಕಟ್ಕೊಂಡು ಶಿಷ್ಯರ ಕಾಲು ತೊಳೀತಾನೆ, ಹಿಡಿದುಕೊಡೋಕೆ ಹೊರಟಿದ್ದ ಯೂದನ ಕಾಲನ್ನೂ ಸೇರಿಸಿ. ಸರ್ ಕೇಳಿದ್ದು ಒಂದೇ ಪ್ರಶ್ನೆ, ತೊಳೆದವನು ಅದಕ್ಕೆ ಮುಂಚೆ ತೊಳೆಸ್ಕೊಂಡಿದ್ದ, ಇದನ್ನ ಯಾರಾದ್ರೂ ಪ್ರಸಂಗದಲ್ಲಿ ಕೇಳಿದ್ದೀರಾ? ನಾವ್ಯಾರೂ ಕೇಳಿರ್ಲಿಲ್ಲ. ಆಮೇಲೆ ಇನ್ನೊಬ್ಬ ಶಿಷ್ಯ ಪೇತ್ರನ ವಿಷಯಕ್ಕೆ ಬಂದ್ರು. ನನ್ನ ಕಾಲು ನೀನು ತೊಳೆಯೋದೇ ಬೇಡ ಅಂದ ಪೇತ್ರನ ಮಾತು ಕೇಳೋಕೆ ದೀನತೆ ಥರಾನೇ ಇದೆ, ಆದ್ರೆ ಯೇಸು ಅದನ್ನ ಒಪ್ಪಲಿಲ್ಲ, ತೊಳೆಯದಿದ್ರೆ ನನ್ನ ಜೊತೆ ನಿನಗೆ ಪಾಲೇ ಇಲ್ಲ ಅಂದುಬಿಟ್ಟ, ಅಷ್ಟು ಗಟ್ಟಿಯಾಗಿ. ನಾನು ನೋಟ್ಸ್ ನೀಟಾಗಿ ಬರ್ಕೊಂಡೆ, ಪರೀಕ್ಷೆಯಲ್ಲೂ ಬರೆದೆ, ಒಳ್ಳೆ ಮಾರ್ಕ್ಸೂ ಬಂತು.

ಕಾಲೇಜು ಮುಗಿಸಿ ಎರಡು ವರ್ಷ ಒಬ್ಬ ಹಿರಿಯ ಪಾಸ್ಟರ್ ಕೈಕೆಳಗಿದ್ದು, ಆಮೇಲೆ ಹೊಸ ಸಭೆ, ಅಂದ್ರೆ ಚರ್ಚು, ಶುರು ಮಾಡೋಕೆ ಹೊರಟೆ. ಒಂದು ರೂಮು, ಐದು ಕುಟುಂಬ, ಅಷ್ಟೆ. ಬಾಗಿಲು ತೆಗೆಯೋದು ನಾನೇ, ಕಸ ಗುಡಿಸೋದು ನಾನೇ, ಕುರ್ಚಿ ಹಾಕೋದು, ಹಾಡು ಶುರು ಮಾಡೋದು, ಪ್ರಸಂಗ, ಮಕ್ಕಳ ಸಂಡೇಸ್ಕೂಲು, ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ರಾತ್ರಿ ಆಸ್ಪತ್ರೆಯಲ್ಲಿ ಕೂರೋದು ಎಲ್ಲಾ ನಾನೇ. ಯಾರಾದ್ರೂ ಬ್ರದರ್ ನಾನು ಗುಡಿಸ್ತೀನಿ ಅಂತ ಬಂದ್ರೆ ಇರ್ಲಿ ಬಿಡಿ ನೀವು ಕೂತ್ಕೊಳ್ಳಿ ಅಂತಿದ್ದೆ. ಯಾರ ಹತ್ರಾನೂ ಏನೂ ತಗೋತಿರ್ಲಿಲ್ಲ, ಪಾರ್ಟ್‌ಟೈಮ್ ಕೆಲಸ ಮಾಡ್ಕೊಂಡಿದ್ದೆ, ಕೇಳಿದವರಿಗೆ ಊರೂರಲ್ಲಿ ಸಭೆ ಕಟ್ಟಿದ ಅಪೊಸ್ತಲ ಪೌಲನೂ ಕೊರಿಂಥ ಪಟ್ಟಣದಲ್ಲಿ ಅಕ್ವಿಲ ಪ್ರಿಸ್ಕಿಲ್ಲ ದಂಪತಿ ಜೊತೆ ಗುಡಾರ ಮಾಡೋ ಕೆಲಸ ಮಾಡ್ಲಿಲ್ವಾ ಅಂತಿದ್ದೆ. ಸೇವಕನ ಜೀವನ ಅಂದ್ರೆ ಇದೇ ಅಂತ ನಿಜವಾಗ್ಲೂ ನಂಬಿದ್ದೆ. ಆ ದಣಿವಲ್ಲಿ ನನಗೊಂದು ತೃಪ್ತಿ ಸಿಗ್ತಿತ್ತು, ಅದು ಎಂಥ ತೃಪ್ತಿ ಅಂತ ಆಗ ಕೇಳ್ಕೊಂಡಿರ್ಲಿಲ್ಲ, ಈಗ ಹೇಳ್ಬೇಕಂದ್ರೆ ಎಲ್ಲರೂ ನನಗೆ ಋಣಿಯಾಗಿದ್ದಾರೆ, ನಾನು ಯಾರಿಗೂ ಋಣಿಯಲ್ಲ ಅನ್ನೋ ತೃಪ್ತಿ ಅದು.

ಮೂರನೇ ವರ್ಷ ನನ್ನ ಬೆನ್ನು ಹೋಯ್ತು. ಡಿಸ್ಕ್ ಜಾರಿದೆ, ಆರು ವಾರ ಬಗ್ಗೋದು ಎತ್ತೋದು ಏನೂ ಕೂಡದು ಅಂದ್ರು ಡಾಕ್ಟರ್. ಮೊದಲ ವಾರವೇ ಸಭೆಯವರು ಮನೆಗೆ ಬರೋಕೆ ಶುರು ಮಾಡಿದ್ರು, ನಾನು ಹೆಂಡತಿ ಕೈಲಿ ಮಲಗಿದ್ದಾರೆ ಅಂತ ಹೇಳಿಸಿ ಕಳಿಸ್ತಿದ್ದೆ. ಆದ್ರೂ ಒಬ್ರು ಮಾತ್ರ ಬಿಡದೆ ಬರ್ತಿದ್ರು. ನೈಟ್ ಶಿಫ್ಟ್ ಸೆಕ್ಯುರಿಟಿ ಕೆಲಸ ಅವರದು, ದೀಕ್ಷಾಸ್ನಾನ ತಗೊಂಡು ಸಭೆಗೆ ಸೇರಿ ಒಂದು ವರ್ಷವೂ ಆಗಿರ್ಲಿಲ್ಲ, ಬೆಳಗ್ಗೆ ಡ್ಯೂಟಿ ಮುಗಿಸಿ ಯೂನಿಫಾರ್ಮ್‌ನಲ್ಲೇ ಬಂದು ಮಂಚದ ಪಕ್ಕ ಕೂತ್ಕೋತಿದ್ರು, ಹೆಚ್ಚು ಮಾತಿಲ್ಲ. ಒಂದಿನ ನನ್ನ ಕಾಲ ಕಡೆ ನೋಡಿ, ಅಯ್ಯಗಾರೇ ಉಗುರು ಬೆಳೆದಿದೆ ಅಂದ್ರು. ಬಗ್ಗೋಕಾಗದೆ ಮೂರು ವಾರದಿಂದ ಕತ್ತರಿಸಿರ್ಲಿಲ್ಲ, ಹೆಬ್ಬೆರಳಿನ ಉಗುರು ಒಂದು ಕಡೆ ಒಡೆದು ಬೆಡ್‌ಶೀಟಿಗೆ ಸಿಕ್ಕಿಕೊಳ್ತಿತ್ತು. ನನಗೆ ಎಷ್ಟು ನಾಚಿಕೆ ಆಯ್ತು ಅಂದ್ರೆ ಕಾಲನ್ನ ಹೊದಿಕೆ ಒಳಗೆ ಎಳ್ಕೊಂಡೆ, ಎಳ್ಕೊಳ್ಳೋಕೂ ಬೆನ್ನು ನೋವು. ಅವರು ಏನೂ ಅನ್ನದೆ ಒಂದು ಬಟ್ಟಲಲ್ಲಿ ಬಿಸಿನೀರು ಇಸ್ಕೊಂಡು ಬಂದು, ಬಟ್ಟೆ ಅದ್ದಿ ಉಗುರು ಮೆತ್ತಗಾಗೋವರೆಗೂ ಸುತ್ತಿಟ್ಟು, ಒಂದೊಂದಾಗಿ ಹತ್ತೂ ಬೆರಳು ಕತ್ತರಿಸಿದ್ರು, ಚೂರುಗಳನ್ನ ತಮ್ಮ ಅಂಗೈಯಲ್ಲೇ ಒಟ್ಟು ಮಾಡ್ಕೋತಾ. ರಾತ್ರಿಯೆಲ್ಲಾ ನಿದ್ದೆ ಇಲ್ಲದ ಕಣ್ಣು ಕೆಂಪಗಿತ್ತು. ನಾನು ಅತ್ತುಬಿಟ್ಟೆ. ತೊಳ್ಕೊಂಡೇ ಬಂದಿದ್ದೀಯಲ್ಲೋ ಅನ್ನೋ ಮಾತು ಅಷ್ಟು ವರ್ಷ ಆದ್ಮೇಲೆ ಆ ಮಂಚದ ಮೇಲೆ ನನಗೆ ಅರ್ಥ ಆಯ್ತು.

ಆ ಆರು ವಾರ ಸಭೆ ನಿಲ್ಲಲಿಲ್ಲ. ನಾನು ಕೂತ್ಕೊಳ್ಳಿ ಅಂತಿದ್ದವರೇ ಗುಡಿಸಿದ್ರು, ಒಬ್ಬ ಸಿಸ್ಟರ್ ತಡವರಿಸ್ತಾ ತಡವರಿಸ್ತಾ ವಾಕ್ಯ ಹಂಚ್ಕೊಂಡ್ರಂತೆ, ಹಾಡು ಶ್ರುತಿ ತಪ್ಪಿತಂತೆ, ಆದ್ರೂ ಎರಡು ಹೊಸ ಕುಟುಂಬ ಬಂದ್ವು. ಇದನ್ನ ಕೇಳಿ ನನಗೆ ಮೊದಲು ಆಗಿದ್ದು ಸಂತೋಷ ಅಲ್ಲ, ಸಂಕಟ. ನಾನಿಲ್ದೇ ನಡೀತಲ್ಲ ಅನ್ನೋ ಸಂಕಟ. ಈಗ ಸೇವೆಗೆ ಹೊರಡ್ತಿರೋ ತಮ್ಮಂದಿರು ತಂಗಿಯರು ಓದ್ತಾರೆ ಅಂತ ಗೊತ್ತಿದ್ದೇ ಇದನ್ನ ಬರೀತಿದ್ದೀನಿ, ಆ ಸಂಕಟ ನಿಮಗೂ ಬರಬಹುದು, ಬಂದಾಗ ಮುಚ್ಚಿಡಬೇಡಿ.

ಮಲಗಿದ್ದಲ್ಲೇ ಬೈಬಲ್‌ನ ಅಪೊಸ್ತಲರ ಕೃತ್ಯ 16ನೇ ಅಧ್ಯಾಯ ಮತ್ತೆ ಓದಿದೆ. ಫಿಲಿಪ್ಪಿ ಪಟ್ಟಣದಲ್ಲಿ ಸಭೆ ಹುಟ್ಟಿದ್ದು ಹೇಗೆ ನೋಡಿ. ಹೊಳೆ ದಡದಲ್ಲಿ ಸೇರಿದ್ದ ಹೆಂಗಸರ ಹತ್ರ ಪೌಲ ಮಾತಾಡ್ತಾನೆ, ಅವರಲ್ಲಿ ಥುವತೈರದ ಲುದ್ಯ, ಊದಾಬಣ್ಣದ ಬಟ್ಟೆ ಮಾರೋಳು, ಅವಳು ನಮ್ಮ ಮನೆಗೆ ಬಂದಿರಿ ಅಂತ ಬಲವಂತ ಮಾಡ್ತಾಳೆ, ಇವರು ಹೋಗಿ ಇರ್ತಾರೆ. ಆಮೇಲೆ ಪೌಲನಿಗೂ ಜೊತೆಗಾರ ಸೀಲನಿಗೂ ಛಡಿಯೇಟು, ಜೈಲು, ಭೂಕಂಪ. ಅದೇ ರಾತ್ರಿ ಜೈಲಿನ ಯಜಮಾನ ಅವರನ್ನ ಕರ್ಕೊಂಡು ಹೋಗಿ ಗಾಯ ತೊಳೀತಾನೆ, ಅದಾದ್ಮೇಲೇ ಅವನಿಗೂ ಮನೆಯವರಿಗೂ ದೀಕ್ಷಾಸ್ನಾನ ಆಗೋದು. ಸಭೆ ಕಟ್ಟೋಕೆ ಹೋದವನ ಬೆನ್ನನ್ನ ಇನ್ನೂ ದೀಕ್ಷಾಸ್ನಾನ ಆಗದವನೊಬ್ಬ ತೊಳೀತಿದ್ದಾನೆ! ಕಾಲೇಜಲ್ಲಿ ಈ ಅಧ್ಯಾಯದ ಮೇಲೆ ಪೇಪರ್ ಬರೆದಿದ್ದೆ, ಈ ಒಂದು ಸಾಲು ಕಣ್ಣಿಗೆ ಬಿದ್ದಿರ್ಲಿಲ್ಲ. ಕ್ರಿಸ್ತ ತನ್ನನ್ನ ಬರಿದು ಮಾಡ್ಕೊಂಡು ದಾಸನ ರೂಪ ತಗೊಂಡ ಅಂತ ಪೌಲ ಬರೆಯೋದೂ ಇದೇ ಫಿಲಿಪ್ಪಿಯವರಿಗೇ. ಇನ್ನು ನಾನು ಉದಾಹರಣೆ ಕೊಡ್ತಿದ್ದ ಕೊರಿಂಥದ ಗುಡಾರದ ಕೆಲಸ, ಅದರಲ್ಲಿ ಅರ್ಧ ಮಾತ್ರ ಓದಿದ್ದೆ. ಕೊರಿಂಥದಲ್ಲಿದ್ದಾಗ ಕೊರತೆ ಬಂದಾಗ ಮಕೆದೋನ್ಯದಿಂದ ಬಂದ ಸಹೋದರರು ಅದನ್ನ ನೀಗಿಸಿದ್ರು ಅಂತ ಪೌಲನೇ ಕೊರಿಂಥದವರಿಗೆ ಬರೆದ ಎರಡನೇ ಪತ್ರದ 11ನೇ ಅಧ್ಯಾಯದಲ್ಲಿ ಒಪ್ಕೋತಾನೆ, ಫಿಲಿಪ್ಪಿ ಇರೋದು ಅದೇ ಮಕೆದೋನ್ಯದಲ್ಲಿ.

ಎದ್ದು ಓಡಾಡೋ ಹಾಗಾದ್ಮೇಲೆ ರೂಮಿನ ಕೀ ನಾನು ವಾಪಸ್ ಇಸ್ಕೊಳ್ಳಲಿಲ್ಲ. ಇವತ್ತಿಗೂ ಅದು ಆ ಸೆಕ್ಯುರಿಟಿ ಬ್ರದರ್ ಹತ್ರಾನೇ ಇದೆ, ಭಾನುವಾರ ನಾನು ಹೋಗೋ ಹೊತ್ತಿಗೆ ಕುರ್ಚಿ ಹಾಕಿ ಆಗಿರುತ್ತೆ. ಸಿಸ್ಟರ್ ಈಗ ತಡವರಿಸಲ್ಲ.

ಕಳೆದ ವರ್ಷ ಸರ್‌ನ ನೋಡೋಕೆ ಹೋಗಿದ್ದೆ. ರಿಟೈರ್ ಆಗಿ ತುಂಬಾ ವರ್ಷ ಆಯ್ತು, ಮಂಡಿ ಪೂರ್ತಿ ಹೋಗಿದೆ, ಹಾಸಿಗೆ ಬಿಟ್ಟು ಏಳಲ್ಲ, ಪಾದ ಊದ್ಕೊಂಡಿತ್ತು. ಹೊರಡೋ ಮುಂಚೆ ಪ್ರಾರ್ಥನೆ ಮಾಡ್ಲಾ ಸರ್ ಅಂದೆ, ಮಾಡು ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಸುಮ್ನಿದ್ದು, ಬಿಸಿನೀರು ಇದ್ರೆ ಕಾಲೊಂದು ಒರೆಸ್ತೀಯಾ, ಎರಡು ದಿನದಿಂದ ತೊಳೆದಿಲ್ಲ ಕಣೋ ಅಂತ ಹೊದಿಕೆ ಸರಿಸಿ ತಾವೇ ಕಾಲು ಮುಂದೆ ಚಾಚಿದ್ರು.