ಬೊಕೆಯಲ್ಲಿ ತೊಗರಿ ಹೂವು

ಕ್ರೋಶಾ ಬೊಕೆ ಅಂತ ಮೊಬೈಲಲ್ಲಿ ಹುಡುಕಿ ನೋಡಿ, ಕೊಕ್ಕೆ ಕಡ್ಡಿಯಿಂದ ದಾರದಲ್ಲಿ ಹೆಣೆದ ಹೂಗುಚ್ಛ. ಟ್ಯೂಲಿಪ್ ಬರುತ್ತದೆ, ಲ್ಯಾವೆಂಡರ್ ಬರುತ್ತದೆ, ಡೈಸಿ, ಲಿಲಿ, ಆಮೇಲೆ ಲೆಕ್ಕವಿಲ್ಲದಷ್ಟು ಗುಲಾಬಿ. ಚೆಂದ ಇಲ್ಲ ಅನ್ನುವುದಿಲ್ಲ, ನಾನೂ ಅವನ್ನೇ ಹೆಣೆದು ಕಲಿತವಳು. ಆದರೆ ಕಲಬುರಗಿಯಲ್ಲಿ ಕೂತುಕೊಂಡು, ಜೀವನದಲ್ಲಿ ಒಮ್ಮೆಯೂ ಕಣ್ಣಾರೆ ನೋಡದ ಟ್ಯೂಲಿಪ್ಪನ್ನು ರಾಶಿ ರಾಶಿ ಹೆಣೆದು ಇಡುತ್ತಿದ್ದೇನಲ್ಲ ಅಂತ ಈ ಬೇಸಿಗೆಯಲ್ಲಿ ನನಗೇ ನಗು ಬಂತು.

ಆ ನಗು ಬಂದದ್ದು ನಮ್ಮ ಚಿಗವ್ವನ, ಅಂದರೆ ಚಿಕ್ಕಮ್ಮನ, ನಿವೃತ್ತಿಯಿಂದ. ಚಿಗವ್ವ ಜೇವರ್ಗಿ, ಅಫಜಲಪುರ ಕಡೆಯ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆ ಟೀಚರ್. ಮೇ 31ಕ್ಕೆ ರಿಟೈರ್. ನಮ್ಮ ಕಡೆ ಆ ವಯಸ್ಸಿನವರಲ್ಲಿ ಎಷ್ಟು ಜನರ ಹುಟ್ಟಿದ ತಾರೀಖು ಜೂನ್ 1 ಅಂತ ಕೇಳಿ ನೋಡಿ, ಗೊತ್ತಾಗುತ್ತದೆ. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರು ತಾರೀಖು ಕೇಳಿದ್ದಾರೆ, ಮನೆಯವರಿಗೆ ಗೊತ್ತಿಲ್ಲ, ಜೂನ್ 1 ಅಂತ ಬರೆದುಬಿಟ್ಟಿದ್ದಾರೆ. ಒಂದನೇ ತಾರೀಖು ಹುಟ್ಟಿದ ಸರ್ಕಾರಿ ನೌಕರರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕು. ಹೀಗಾಗಿ ಮೇ 31 ಬಂತು ಅಂದರೆ ಊರ ತುಂಬ ಬೀಳ್ಕೊಡುಗೆ, ಊರ ತುಂಬ ಶಾಲು, ಊರ ತುಂಬ ಬೊಕೆ.

ಬೊಕೆ ಅಂಗಡಿಯವರಿಗೆ ಸುಗ್ಗಿ, ಹೂವಿಗೆ ಮಾತ್ರ ಕಷ್ಟಕಾಲ. ಮೇ ತಿಂಗಳಲ್ಲಿ ಕಲಬುರಗಿ 42, 43 ಡಿಗ್ರಿ ಮುಟ್ಟುವುದು ಯಾರಿಗೂ ಸುದ್ದಿಯೇ ಅಲ್ಲ. ಬೆಳಿಗ್ಗೆ ತಂದ ಜರ್ಬೆರಾ ಮಧ್ಯಾಹ್ನ ಊಟದ ಹೊತ್ತಿಗೆ ಕತ್ತು ಮುರಿದುಕೊಂಡು ನೇತಾಡುತ್ತದೆ, ಸುತ್ತಿದ ಪ್ಲಾಸ್ಟಿಕ್ ಹಾಳೆಯ ಒಳಗೆ ಬೆಂದೇ ಹೋಗುತ್ತದೆ. ದಾರದ ಬೊಕೆ ಮಾಡೋಣ ಅಂದುಕೊಂಡೆ. ಮಾಡುವುದಾದರೆ ಚಿಗವ್ವ ದಿನಾ ಬಸ್ ಇಳಿದು ಶಾಲೆಗೆ ನಡೆದು ಹೋದ ದಾರಿಯಲ್ಲಿ ಎರಡೂ ಕಡೆ ಇದ್ದ ಹೂವುಗಳನ್ನೇ ಮಾಡೋಣ. ಹತ್ತಿ, ತೊಗರಿ, ಸೂರ್ಯಕಾಂತಿ, ಕುಸುಬಿ, ನಡುವೆ ಒಂದೆರಡು ಜೋಳದ ತೆನೆ.

ಅವ್ವನಿಗೆ ಇದು ಹಿಡಿಸಲಿಲ್ಲ. “ಉಲ್ಲನ್ ಹೂ ತೊಗೊಂಡು ಆಕಿ ಏನ್ ಮಾಡ್ತಾಳ? ಒಂದು ಇಳಕಲ್ ಸೀರಿ ಕೊಡು, ಉಟ್ಟಾದರೂ ಉಡ್ತಾಳ” ಅಂದಳು. ಹಾಗಂತ ಅವ್ವನಿಗೆ ಕ್ರೋಶಾ ಹೊಸದೇನಲ್ಲ. ಅವಳ ಟ್ರಂಕ್ ತೆಗೆದರೆ ಬಿಳಿ ದಾರದ ಬಾಗಿಲ ತೋರಣ, ಟಿವಿ ಕವರ್, ಟ್ರೇ ಮುಚ್ಚುವ ಬಟ್ಟೆ ಎಲ್ಲ ಇವೆ. 40ನೇ ನಂಬರಿನ ದಾರ, ಒಂದು ಮಿಲಿಮೀಟರಿನ ಸ್ಟೀಲ್ ಕಡ್ಡಿ. ದಾರದ ನಂಬರ್ ಏರಿದಷ್ಟೂ ದಾರ ಸಣ್ಣ, ಕಣ್ಣಿಗೆ ಕೆಲಸ ಜಾಸ್ತಿ. ಆ ಕಾಲದ ಕ್ರೋಶಾ ಹೂವು ಚಪ್ಪಟೆಯಾಗಿರುತ್ತಿತ್ತು, ಗಂಜಿ ಹಾಕಿ ಇಸ್ತ್ರಿ ಮಾಡಿ ಹಾಸಿದರೆ ಮುಗಿಯಿತು. ತಂತಿಯ ಮೇಲೆ ಎದ್ದು ನಿಲ್ಲುವ ಹೂವನ್ನು ಅವ್ವ ಇನ್ನೂ ಕೆಲಸ ಅಂತ ಒಪ್ಪಿಕೊಂಡಿಲ್ಲ.

ಈಗ ನಿಜವಾದ ತೊಡಕು. ಟ್ಯೂಲಿಪ್ ಹೆಣೆಯಲು ಯಾವ ಭಾಷೆಯಲ್ಲಿ ಬೇಕಾದರೂ ವಿಡಿಯೋ ಸಿಗುತ್ತದೆ. ತೊಗರಿ ಹೂವಿಗೆ ಹುಡುಕಿದರೆ ಬೇಳೆಯ ರೇಟು ಬರುತ್ತದೆ. ನೋಡಿಕೊಂಡು ಹೆಣೆಯೋಣ ಅಂದರೆ ಮೇ ತಿಂಗಳಲ್ಲಿ ಕಪ್ಪು ಮಣ್ಣಿನ ಎರೆ ಹೊಲ ಪೂರ್ತಿ ಖಾಲಿ, ನೇಗಿಲು ಹೊಡೆದು ಬಿಟ್ಟಿರುತ್ತಾರೆ, ಕಣ್ಣು ಹಾಯಿಸಿದಷ್ಟು ದೂರ ಹೆಂಟೆ ಬಿಟ್ಟರೆ ಏನೂ ಕಾಣುವುದಿಲ್ಲ. ಇವು ಒಟ್ಟಿಗೆ ಅರಳುವ ಹೂವುಗಳೂ ಅಲ್ಲ. ಹತ್ತಿ, ತೊಗರಿ ಮುಂಗಾರಿನವು, ದಸರಾ ದೀಪಾವಳಿ ಹೊತ್ತಿಗೆ ಹೂವು. ಕುಸುಬಿ ಹಿಂಗಾರಿಯದು, ಸಂಕ್ರಾಂತಿ ಆಚೀಚೆ. ಹೊಲದಲ್ಲಿ ಎಂದೂ ಒಂದು ಹಿಡಿಯಲ್ಲಿ ಸಿಗದ ಇವನ್ನು ಬೊಕೆಯಲ್ಲಿ ಸೇರಿಸಬಹುದು ಅನ್ನುವುದೇ ದಾರದ ಲಾಭ, ಅಲ್ವಾ.

ಊರಲ್ಲಿ ಹೊಲ ಮಾಡುವ ಕಾಕಾಗೆ ಫೋನ್ ಹಚ್ಚಿದೆ.

“ಕಾಕಾ, ತೊಗರಿ ಹೂವಿನ ಬೆನ್ನು ಕೆಂಪಿರ್ತದೇನ್ರಿ?”

“ಯಾಕವ್ವಾ, ಇಂಥ ಬ್ಯಾಸಿಗ್ಯಾಗ ತೊಗರಿ ಹೂ ನೆನಪಾತು?”

“ಹೆಣೀಲತ್ತೀನ್ರಿ.”

ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. ಆಮೇಲೆ ಶುರುವಾಯಿತು ನೋಡಿ. ಎಲ್ಲ ತೊಗರಿಗೂ ಕೆಂಪು ಇರುವುದಿಲ್ಲ, ಕೆಲವು ಪೂರಾ ಹಳದಿ, ಕೆಲವಕ್ಕೆ ಬೆನ್ನ ಮೇಲೆ ಕೆಂಪು ಗೆರೆ. ಹತ್ತಿ ಹೂವಿನ ಬುಡದಲ್ಲಿ ಮೂರು ಹಸಿರು ಎಲೆ ಇರುತ್ತವೆ, ಅಂಚು ಹಲ್ಲು ಹಲ್ಲು, ಅದನ್ನು ಬಿಟ್ಟರೆ ಅದು ಹತ್ತಿಯೇ ಅಲ್ಲ. ಕುಸುಬಿಗೆ ಮುಳ್ಳು ಮರೆಯಬೇಡ. ಆ ಮುಳ್ಳಿಗೆ ಹೆದರಿ ದನ ಒಳಗೆ ಬರುವುದಿಲ್ಲ ಅಂತಲೇ ಹಿಂದೆ ಬಿಳಿಜೋಳದ ಹೊಲದ ಸುತ್ತ ಕುಸುಬಿ ಸಾಲು ಬಿತ್ತುತ್ತಿದ್ದರು. ಮದುವೆ, ಆಸ್ಪತ್ರೆ, ಸಾಲ ಬಿಟ್ಟು ಬೇರೆ ವಿಷಯಕ್ಕೆ ಕಾಕಾ ನನ್ನ ಜೊತೆ ಅಷ್ಟು ಹೊತ್ತು ಮಾತಾಡಿದ್ದು ನನಗೆ ನೆನಪಿಲ್ಲ. ಮರುದಿನ ತಾವಾಗಿಯೇ ಹಳೇ ಫೋಟೋಗಳನ್ನು ವಾಟ್ಸಾಪಿಗೆ ಕಳಿಸಿದರು. ಟ್ರ್ಯಾಕ್ಟರ್ ಮುಂದೆ ನಿಂತು ತೆಗೆಸಿಕೊಂಡವು, ಹಿಂದೆ ಮಸುಕಾಗಿ ಹತ್ತಿ.

ಹತ್ತಿ ಹೂವಿನಿಂದಲೇ ಶುರು ಮಾಡಿದೆ. ಐದು ಎಸಳು, ಒಂದರ ಅಂಚು ಇನ್ನೊಂದರ ಮೇಲೆ ಕೂತು ಸುರುಳಿ ತಿರುಗಿರುತ್ತದೆ. ಸಾಮಾನ್ಯ ಕ್ರೋಶಾ ಹೂವಿನಲ್ಲಿ ಮ್ಯಾಜಿಕ್ ರಿಂಗ್, ಅಂದರೆ ಎಳೆದು ಬಿಗಿಯುವ ದಾರದ ಉಂಗುರ, ಹಾಕಿ ಐದೂ ಎಸಳನ್ನು ಒಂದೇ ಸುತ್ತಿನಲ್ಲಿ ತೆಗೆಯುತ್ತಾರೆ, ಆದರೆ ಹಾಗೆ ತೆಗೆದರೆ ಎಸಳು ಪಕ್ಕಪಕ್ಕ ಕೂರುತ್ತವೆ, ಒಂದರ ಮೇಲೊಂದು ಏರುವುದಿಲ್ಲ. ಅದಕ್ಕೆ ಎಸಳುಗಳನ್ನು ಬೇರೆ ಬೇರೆ ಹೆಣೆದೆ. ಬುಡದಲ್ಲಿ ಗಿಡ್ಡನೆಯ ಸಿಂಗಲ್ ಹೊಲಿಗೆ, ಮೇಲೆ ಹೋದ ಹಾಗೆ ಅದಕ್ಕಿಂತ ಉದ್ದದ ಡಬಲ್, ಅಗಲ ಬೇಕಾದಲ್ಲಿ ಇನ್ನೂ ಉದ್ದದ ಟ್ರಿಬಲ್. ಆಮೇಲೆ ಸೂಜಿಯಿಂದ ಒಂದೇ ದಿಕ್ಕಿಗೆ ಮೇಲೇರಿಸಿ ಹೊಲಿದೆ. ಬಣ್ಣದ ವಿಷಯ ಇನ್ನೂ ಮಜಾ. ನಮ್ಮ ಕಡೆ ಈಗ ಹಾಕುವ ಹತ್ತಿಯ ಹೂವು ಅರಳಿದ ದಿನ ಕೆನೆ ಬಣ್ಣ, ಮರುದಿನ ಗುಲಾಬಿ, ಆಮೇಲೆ ಉದುರುತ್ತದೆ. ಒಂದೇ ಗಿಡದಲ್ಲಿ ಎರಡೂ ಬಣ್ಣ ಕಾಣುವುದು ಅದಕ್ಕೇ. ಹಾಗಾಗಿ ಬೊಕೆಗೂ ಕೆನೆಯದು, ಗುಲಾಬಿಯದು ಎರಡೂ ಹಾಕಿದೆ. ಹತ್ತಿ ದಾರದಲ್ಲಿ ಹತ್ತಿ ಹೂವು ಹೆಣೆಯುವುದರಲ್ಲಿ ಏನೋ ಒಂದು ಖುಷಿ ಇದೆ, ಅದನ್ನು ವಿವರಿಸಲು ಹೋಗುವುದಿಲ್ಲ.

ಸೂರ್ಯಕಾಂತಿಯ ಬಗ್ಗೆ ಹೇಳುವುದೇನಿಲ್ಲ, ಎಲ್ಲರೂ ಮಾಡುತ್ತಾರೆ. ತೊಗರಿ ಕಣ್ಣು ತಿಂದಿತು. ಹೂವು ತೀರಾ ಸಣ್ಣದು. ಹಿಂದೆ ಒಂದು ದೊಡ್ಡ ಎಸಳು, ಮುಂದೆ ಎರಡು ಸಣ್ಣವು, ನಡುವೆ ದೋಣಿಯಾಗಿ ಮಡಚಿಕೊಂಡ ಇನ್ನೊಂದು. ಬೆನ್ನ ಮೇಲಿನ ಕೆಂಪು ಗೆರೆಯನ್ನು ಕಸೂತಿ ದಾರದ ಒಂದೇ ಎಳೆಯಲ್ಲಿ ಎಳೆದೆ. ಸಣ್ಣ ತಂತಿಗೆ ಗೊಂಚಲು ಕಟ್ಟಿದಾಗ ನಾನು ಕೇಳದೆಯೇ ಮನೆಯವರು ತೊಗರಿ ಅಂದರು, ಅಷ್ಟು ಸಾಕಾಯಿತು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಅನ್ನುವ ಸರ್ಕಾರಿ ಗುರುತು, ಬಂದಿದೆ, ದಿನಾ ಅದರ ಸಾರು ಉಣ್ಣುತ್ತೇವೆ, ಆದರೆ ಅದರ ಹೂವು ಹೇಗಿರುತ್ತದೆ ಅಂದರೆ ನಮ್ಮ ಸಿಟಿಯ ಮಕ್ಕಳು ಪಿಳಿಪಿಳಿ ನೋಡುತ್ತಾರೆ.

ಜೋಳದ ತೆನೆಗೆ ಲ್ಯಾವೆಂಡರ್ ವಿಡಿಯೋ ಕೆಲಸಕ್ಕೆ ಬಂತು, ಅದಕ್ಕೊಂದು ಥ್ಯಾಂಕ್ಸ್. ಉದ್ದನೆಯ ಪಟ್ಟಿ ಹೆಣೆದು, ಅದರ ತುಂಬ ಬಾಬಲ್ ಹಾಕುವುದು. ಬಾಬಲ್ ಅಂದರೆ ಒಂದೇ ತೂತಿನಲ್ಲಿ ನಾಲ್ಕೈದು ಡಬಲ್‌ಗಳನ್ನು ಅರ್ಧಕ್ಕೆ ಬಿಟ್ಟು, ಕೊನೆಗೆ ಎಲ್ಲವನ್ನೂ ಸೇರಿಸಿ ಒಮ್ಮೆಲೇ ಎಳೆಯುವುದು, ಉಬ್ಬಿ ಕಾಳು ಬರುತ್ತದೆ. ಆ ಪಟ್ಟಿಯನ್ನು ತಂತಿಗೆ ಓರೆಯಾಗಿ ಸುತ್ತಿ ಹೊಲಿದರೆ ನೇರಳೆ ದಾರದಲ್ಲಿ ಲ್ಯಾವೆಂಡರ್, ಕೆನೆ ಬಣ್ಣದ ದಾರದಲ್ಲಿ, ಬುಡ ಸ್ವಲ್ಪ ದಪ್ಪ ಮಾಡಿದರೆ, ಮಾಲದಂಡಿ ಜೋಳ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕುಸುಬಿ. ಕೆಳಗೆ ಹಸಿರು ಬುಡ್ಡೆ, ಅದನ್ನು ಸಿಂಗಲ್‌ನಲ್ಲಿ ಗುಂಡಗೆ ಹೆಣೆದು ಒಳಗೆ ಅರಳೆ ತುಂಬಿದೆ. ಮುಳ್ಳಿಗೆ ಸುತ್ತಲೂ ಪಿಕೋ, ಅಂದರೆ ಮೂರು ಚೈನ್ ಹಾಕಿ ಮತ್ತೆ ಅದೇ ತೂತಿಗೆ ಸಿಕ್ಕಿಸುವುದು, ಚೂಪಾಗಿ ಎದ್ದು ನಿಲ್ಲುತ್ತದೆ. ಮೇಲಿನ ಹೂವನ್ನು ಹೆಣೆಯಲೇ ಇಲ್ಲ. ಹಳದಿ, ಕಿತ್ತಳೆ ಮತ್ತು ಸ್ವಲ್ಪ ಕೆಂಪು ದಾರದ ಎಳೆ ಸೇರಿಸಿ ಕುಚ್ಚು ಕಟ್ಟಿ, ಬುಡ್ಡೆಯೊಳಗೆ ಇಳಿಸಿ ಹೊಲಿದು, ಸೂಜಿಯಿಂದ ಬಾಚಿ ಕತ್ತರಿಸಿದೆ. ಕೆಂಪು ಯಾಕೆ ಅಂದರೆ ಕುಸುಬಿ ಹೂವು ಅರಳುವಾಗ ಹಳದಿ, ಒಣಗುತ್ತಾ ಕೆಂಪಗಾಗುತ್ತದೆ. ಅವ್ವ ನೋಡಿ “ಹಜಾಮತಿ ಬ್ರಶ್ ಇದ್ದಂಗದ” ಅಂದಳು. ಆದರೆ ಅವತ್ತು ರಾತ್ರಿ ಅವಳೇ ಇನ್ನೊಂದು ಕುಚ್ಚು ಕಟ್ಟಿಕೊಟ್ಟಳು, ನನ್ನದಕ್ಕಿಂತ ಬಿಗಿಯಾಗಿ.

ನಡುವೆ ಒಂದು ವಿಷಯ ಹೇಳಬೇಕು. ಎಸಳು, ಎಲೆ ಎಲ್ಲ ಬೇರೆ ಬೇರೆ ಹೆಣೆದು ಆಮೇಲೆ ಸೇರಿಸುವ ಈ ಪದ್ಧತಿ ಐರ್ಲೆಂಡಿನ ಕ್ರೋಶಾ ಲೇಸಿನಲ್ಲಿದೆ. 1840ರ ದಶಕದಲ್ಲಿ ಅಲ್ಲಿ ಆಲೂಗಡ್ಡೆ ಬೆಳೆ ರೋಗಕ್ಕೆ ಸಿಕ್ಕು ದೊಡ್ಡ ಬರಗಾಲ ಬಿದ್ದಾಗ ಹೆಣ್ಣುಮಕ್ಕಳು ಈ ಲೇಸ್ ಹೆಣೆದು ಮಾರಿ ಮನೆ ನಡೆಸಿದರು. ಅವರ ಲೇಸಿನಲ್ಲಿ ಕಾಣುವುದು ಗುಲಾಬಿ ಮತ್ತು ಅವರ ನೆಲದ ಮೂರೆಲೆಯ ಗಿಡ, ಶಾಮ್‌ರಾಕ್. ಅವರ ಹೊಲದ ಗಿಡ ಅವರ ದಾರಕ್ಕೆ ಬಂತು. ನಮ್ಮದು ಬರಲು ಇಷ್ಟು ದಿನ ಯಾಕೆ ಬೇಕಾಯಿತೋ ಗೊತ್ತಿಲ್ಲ.

ಬೇಸಿಗೆಯಲ್ಲಿ ಹೆಣೆಯುವವರಿಗೆ ಎರಡು ಮಾತು. ಅಕ್ರಿಲಿಕ್ ಉಲ್ಲನ್ ಬೇಡ, ಬೆವರಿದ ಕೈಗೆ ಅಂಟಿಕೊಂಡು ಕಡ್ಡಿಯ ಮೇಲೆ ಜಾರುವುದೇ ಇಲ್ಲ. ಹತ್ತಿ ಅಥವಾ ಮಿಲ್ಕ್ ಕಾಟನ್ ಅಂತ ಮಾರುವ ದಾರ, ಎರಡೂವರೆ ಮಿಲಿಮೀಟರ್ ಕಡ್ಡಿ, ಹೊಲಿಗೆ ಬಿಗಿ. ಆಗ ಎಸಳು ಗಂಜಿ ಇಲ್ಲದೆಯೂ ನಿಲ್ಲುತ್ತದೆ. ಕಸೂತಿ ದಾರ, ಬಿಳಿ ದಾರ ನಮ್ಮೂರ ಸೂಪರ್ ಮಾರ್ಕೆಟ್ ಅನ್ನುವ ಪೇಟೆ ಕಡೆ ಸಿಕ್ಕಿತು, ಬಣ್ಣದ ದಾರ ಆನ್‌ಲೈನಿನಲ್ಲಿ ತರಿಸಿದೆ. ಫೋಟೋದಲ್ಲಿ ಕೆನೆ ಬಣ್ಣ ಇದ್ದದ್ದು ಮನೆಗೆ ಬರುವಾಗ ಪೇಡಾ ಬಣ್ಣವಾಗಿತ್ತು, ವಾಪಸ್ ಕಳಿಸುವಷ್ಟು ದಿನ ಇರಲಿಲ್ಲ, ಜೋಳದ ತೆನೆಯ ದಂಟಿಗೆ ಸುತ್ತಿದೆ. ದೇಟಿಗೆ ಹಾರ್ಡ್‌ವೇರ್ ಅಂಗಡಿಯ ತಂತಿ ಸಾಕು, ಆದರೆ ಸೆಂಟ್ರಿಂಗ್ ಕೆಲಸದವರು ಸರಳು ಕಟ್ಟುವ ಕಪ್ಪು ತಂತಿ ತುಕ್ಕು ಹಿಡಿದು ದಾರಕ್ಕೆ ಕಲೆ ಬಿಡುತ್ತದೆ, ಸತುವಿನ ಲೇಪ ಇರುವುದನ್ನೇ ಕೇಳಿ. ಗ್ಲೂ ಗನ್ ನಾನು ಮುಟ್ಟುವುದಿಲ್ಲ. ಮಧ್ಯಾಹ್ನ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಆ ಅಂಟಿನ ಮೇಲೆ ನನಗೆ ನಂಬಿಕೆ ಇಲ್ಲ, ಹೊಲಿಗೆ ಮೇಲೆ ಇದೆ. ಕೆಲಸ ಎಲ್ಲ ಬೆಳಗಿನ ಜಾವ ಮಾಳಿಗೆ ಮೇಲೆ. ಎಂಟು ಗಂಟೆಯ ನಂತರ ಕೂಲರ್ ಮುಂದೆ, ಅದೂ ಕರೆಂಟ್ ಇದ್ದರೆ.

ಮೇ 31ರಂದು ಶಾಲೆಯ ಅಂಗಳದಲ್ಲಿ ಶಾಮಿಯಾನ. ಭಾಷಣ, ಶಾಲು, ಹಾರ, ಮತ್ತೆ ಭಾಷಣ. ಟೇಬಲ್ ಮೇಲೆ ಬಂದ ಬೊಕೆಗಳ ಸಾಲು, ಒಂದೊಂದೇ ಬಾಗುತ್ತಿತ್ತು. ನನ್ನದನ್ನು ಕೈಗೆ ಕೊಟ್ಟಾಗ ಚಿಗವ್ವ ಅಳಲಿಲ್ಲ, ಅಪ್ಪಿಕೊಳ್ಳಲಿಲ್ಲ. ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಹೂವು ತಿರುಗಿಸಿ ನೋಡಿದಳು, ಹಾಜರಿ ತೆಗೆದುಕೊಳ್ಳುವ ಮುಖ. “ಹತ್ತಿ. ತೊಗರಿ. ಇದು ಕುಸುಬಿ, ಭೇಷ್. ಶೇಂಗಾ ಎಲ್ಲಿ? ಕಡ್ಲಿ ಎಲ್ಲಿ?” ಶೇಂಗಾ ಹೂವು ಸಣ್ಣದು ಚಿಗವ್ವಾ ಅಂದೆ. “ತೊಗರಿ ಏನ್ ದೊಡ್ಡದದ?” ಅಂದಳು. ಸರಿ, ಉತ್ತರ ಇಲ್ಲ. ಅಷ್ಟರಲ್ಲಿ ಮೂರನೇ ಕ್ಲಾಸಿನ ಒಬ್ಬ ಹುಡುಗ ಬಂದು ಕುಸುಬಿ ಮುಳ್ಳಿಗೆ ಬೆರಳು ತಾಗಿಸಿ ನೋಡಿ, “ಟೀಚರ್, ಇದು ಚುಚ್ಚಂಗಿಲ್ರಿ” ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಆಮೇಲೆ ಮಕ್ಕಳ ಸಾಲೇ ಬಂತು, ಎಲ್ಲರೂ ಒಮ್ಮೆ ಮುಟ್ಟಿಯೇ ಹೋಗಬೇಕು. ಅಧ್ಯಕ್ಷರ ಭಾಷಣ ಯಾರೂ ಕೇಳಲಿಲ್ಲ.

ಅಲ್ಲಿಗೆ ಬಂದಿದ್ದ ಇನ್ನೊಬ್ಬ ಟೀಚರ್ ಮಗಳ ಮದುವೆಗೆ ಇಂಥದ್ದೇ ಬೇಕು ಅಂದರು. ರೇಟು ಹೇಳಿದೆ. “ದಾರಕ್ಕ ಇಷ್ಟಾ?” ಅಂದರು. ಈ ಮಾತು ಕ್ರೋಶಾ ಮಾಡುವ ಎಲ್ಲರೂ ಕೇಳಿರುತ್ತೀರಿ. ದಾರಕ್ಕಲ್ಲ ಮೇಡಂ, ಸ್ವೆಟರ್ ಹೆಣೆಯಲು ಮಷಿನ್ ಇದೆ, ಕ್ರೋಶಾ ಹೂವನ್ನು ಇವತ್ತಿಗೂ ಕೈಯಿಂದಲೇ ಹೆಣೆಯಬೇಕು, ನೀವು ಕೊಡುವುದು ಕೈಗೆ ಅಂದೆ. ಸ್ವಲ್ಪ ಯೋಚಿಸಿ, ದೊಡ್ಡ ಬೊಕೆ ಬೇಡ, ಎರಡು ಹತ್ತಿ ಹೂವು, ಒಂದು ತೊಗರಿ ಗೊಂಚಲು, ಒಂದು ತೆನೆ ಸಾಕು ಅಂತ ಮಾತಾಯಿತು. ಅರ್ಧ ದುಡ್ಡು ಅಲ್ಲೇ ಫೋನ್‌ಪೇ ಮಾಡಿದರು. ಮದುವೆ ಡಿಸೆಂಬರ್‌ನಲ್ಲಿ. ಅದಕ್ಕೂ ಮೊದಲು ತೊಗರಿ ಹೂವು ಬಿಟ್ಟಿರುತ್ತದೆ, ಈ ಸಲ ಫೋಟೋ ಬೇಡ, ನಾನೇ ಹೊಲಕ್ಕೆ ಬರುತ್ತೇನೆ ಅಂತ ಕಾಕಾಗೆ ಹೇಳಿಟ್ಟಿದ್ದೇನೆ. ಔಷಧ ಹೊಡೆದ ದಿನ ಬರಬೇಡ, ಕೇಳಿಕೊಂಡು ಬಾ ಅಂದಿದ್ದಾರೆ.