ಒಂದು ಬಗೆಯ ಹೂವು

ಶೇಕ್ಸ್‌ಪಿಯರ್‌ನ ‘ಹ್ಯಾಮ್ಲೆಟ್’ ನಾಟಕವನ್ನು ಮೊದಲ ಸಲ ಓದುವಾಗ ಪಕ್ಕದಲ್ಲಿ ಇಂಗ್ಲಿಷ್-ಕನ್ನಡ ನಿಘಂಟು ಇಟ್ಟುಕೊಂಡಿದ್ದೆ. ನಾಲ್ಕನೇ ಅಂಕದ ಐದನೇ ದೃಶ್ಯದಲ್ಲಿ, ರಾಜಕುಮಾರ ಹ್ಯಾಮ್ಲೆಟ್ ಪ್ರೀತಿಸಿದ ಹುಡುಗಿ ಒಫೀಲಿಯಾ ಹೂ ಹಂಚುತ್ತಾಳಲ್ಲ, ಅಲ್ಲಿ ಪದಪದಕ್ಕೂ ನಿಘಂಟು ತೆರೆದೆ. ಪ್ಯಾನ್ಸಿ: ಒಂದು ಬಗೆಯ ಹೂವು. ಕೊಲಂಬೈನ್: ಒಂದು ಬಗೆಯ ಹೂವು. ವಯಲೆಟ್: ಒಂದು ಬಗೆಯ ಹೂವು, ನೇರಳೆ ಬಣ್ಣ. ಚಿತ್ತ ಕದಡಿದ ಹುಡುಗಿ ಕೈಗೆ ಸಿಕ್ಕಿದ್ದನ್ನು ಕೊಡುತ್ತಿದ್ದಾಳೆ ಅಂದುಕೊಂಡು ಪುಟ ತಿರುಗಿಸಿಬಿಟ್ಟೆ.

ಆಮೇಲೆ ಆ ಗಿಡಗಳ ಹಿಂದೆ ಬಿದ್ದೆ. ರೋಸ್‌ಮೇರಿಯನ್ನು ನೆನಪಿಗಾಗಿ ಎನ್ನುತ್ತಾಳೆ ಒಫೀಲಿಯಾ. ಒಣಗಿದ ಮೇಲೂ ವಾಸನೆ ಬಿಡದ ಎಲೆ ಅದು. ಆ ಕಾಲದ ಇಂಗ್ಲೆಂಡಿನಲ್ಲಿ ಮದುವೆಗೂ ಅದೇ, ಶವಸಂಸ್ಕಾರಕ್ಕೂ ಅದೇ. ‘ರೋಮಿಯೋ ಅಂಡ್ ಜೂಲಿಯೆಟ್’ನಲ್ಲಿ ಮದುವೆಯ ದಿನವೇ ಜೂಲಿಯೆಟ್ ಸತ್ತಂತೆ ಮಲಗಿದಾಗ, ಅವಳ ದೇಹದ ಮೇಲೆ ರೋಸ್‌ಮೇರಿ ಇಡಿ ಎಂದು ಪಾದ್ರಿ ಹೇಳುವುದು ಇದಕ್ಕೇ. ಇನ್ನು ‘ರೂ’ ಬಲು ಕಹಿ ಸೊಪ್ಪು. ಇಂಗ್ಲಿಷಿನಲ್ಲಿ ಆ ಪದಕ್ಕೆ ಪಶ್ಚಾತ್ತಾಪ ಎಂಬ ಅರ್ಥವೂ ಇದೆ. ಅದನ್ನು ಒಬ್ಬರಿಗೆ ಕೊಟ್ಟು, ತನಗೂ ಸ್ವಲ್ಪ ಇಟ್ಟುಕೊಳ್ಳುತ್ತಾಳೆ. ಯಾವುದು ಯಾರ ಕೈಗೆ ಹೋಯಿತೆಂದು ಹಳೆಯ ಮುದ್ರಣಗಳಲ್ಲಿ ರಂಗಸೂಚನೆ ಇಲ್ಲ. ನನ್ನ ಕಣ್ಣೆದುರು ಮಾತ್ರ ಆ ಕಹಿ ಸೊಪ್ಪು ಪ್ರತಿ ಸಲವೂ, ಗಂಡ ಸತ್ತ ಬೆನ್ನಲ್ಲೇ ಮೈದುನನನ್ನು ಮದುವೆಯಾದ ಹ್ಯಾಮ್ಲೆಟ್‌ನ ತಾಯಿ, ರಾಣಿ ಗರ್ಟ್ರೂಡಳ ಕೈಗೇ ಹೋಗುತ್ತದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವಳು ಕೊಡದೇ ಹೋದ ಹೂವು. ನಿಮಗೆ ವಯಲೆಟ್ ಕೊಡಬೇಕೆಂದಿದ್ದೆ, ಅಪ್ಪ ಸತ್ತಾಗ ಎಲ್ಲವೂ ಬಾಡಿಹೋದವು ಎನ್ನುತ್ತಾಳೆ. ಈ ಮಾತು ಓದಿ ಹಿಂದಕ್ಕೆ, ಮೊದಲನೇ ಅಂಕಕ್ಕೆ ಹೋದೆ. ಅಲ್ಲಿ ಅಣ್ಣ ಲೇರ್ಟಿಸ್ ಅವಳಿಗೆ ಬುದ್ಧಿ ಹೇಳುತ್ತಿದ್ದಾನೆ: ಹ್ಯಾಮ್ಲೆಟ್‌ನ ಪ್ರೀತಿ ವಸಂತದ ಮೊದಲಲ್ಲೇ ಅರಳುವ ವಯಲೆಟ್, ಸಿಹಿಯಾದದ್ದು, ಬಾಳುವಂಥದ್ದಲ್ಲ, ಒಂದು ನಿಮಿಷದ ಪರಿಮಳ, ಅಷ್ಟೇ.

ಒಂದು ನಿಮಿಷದ ಪರಿಮಳ ಎಂಬುದನ್ನು ನಾನು ಬರೀ ಅಲಂಕಾರ ಅಂದುಕೊಂಡಿದ್ದೆ. ಒಂದು ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ವಾರಿಕ್‌ಶೈರ್‌ನ ಕಾಲುದಾರಿಯೊಂದರಲ್ಲಿ, ಬೇಲಿಯ ಬುಡದ ಒದ್ದೆ ಎಲೆಗಳ ನಡುವೆ ಆ ಹೂ ಸಿಕ್ಕಿತು. ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದು, ತಲೆ ಬಗ್ಗಿಸಿಕೊಂಡಿತ್ತು. ಮಂಡಿಯೂರಿ ಮೂಸಿದೆ. ದಟ್ಟ ಸಿಹಿ ಪರಿಮಳ. ಮತ್ತೆ ಮೂಸಿದರೆ ಏನೂ ಇಲ್ಲ! ಸ್ವಲ್ಪ ಹೊತ್ತು ಬಿಟ್ಟು ಮೂಸಿದಾಗ ಮತ್ತೆ ಬಂತು. ಆ ಪರಿಮಳದಲ್ಲಿರುವ ಅಯೊನೋನ್ ಎಂಬ ವಸ್ತು ನಮ್ಮ ಮೂಗನ್ನು ಕೆಲ ಹೊತ್ತು ಮಂಕಾಗಿಸುತ್ತದಂತೆ. ಹೂ ಪರಿಮಳ ಬೀರುತ್ತಲೇ ಇರುತ್ತದೆ, ತಿಳಿಯದೇ ಹೋಗುವುದು ನಮಗೆ. ರಸಾಯನಶಾಸ್ತ್ರಜ್ಞರು ಅಯೊನೋನ್‌ಗೆ ಹೆಸರಿಟ್ಟದ್ದು 1893ರಲ್ಲಿ. ಶೇಕ್ಸ್‌ಪಿಯರ್ ಈ ಸಾಲು ಬರೆದದ್ದು 1600ರ ಆಸುಪಾಸಿನಲ್ಲಿ. ಅವನೂ ಆ ಸೀಮೆಯವನೇ, ಇಂಥದೇ ಯಾವುದೋ ಬೇಲಿಯ ಬುಡದಲ್ಲಿ ಬಗ್ಗಿ ಮೂಸಿರಲೇಬೇಕು ಎಂದು ನನ್ನ ನಂಬಿಕೆ.

ಹಾಗಾದರೆ ಲೇರ್ಟಿಸ್ ತಂಗಿಗೆ ಹೇಳಿದ್ದು ಅರ್ಧ ನಿಜ ಮಾತ್ರ. ಐದನೇ ಅಂಕದಲ್ಲಿ, ನೀರಲ್ಲಿ ಮುಳುಗಿ ಸತ್ತ ಒಫೀಲಿಯಾಳನ್ನು ಮಣ್ಣಿಗಿಡುವಾಗ, ಆತ್ಮಹತ್ಯೆಯ ಶಂಕೆಯಿಂದ ಪಾದ್ರಿ ಪೂರ್ಣ ವಿಧಿ ನಡೆಸಲು ಒಪ್ಪುವುದಿಲ್ಲ. ಆಗ ಅದೇ ಅಣ್ಣನ ಬಾಯಿಂದ ಅದೇ ಹೂವಿನ ಹೆಸರು ಬರುತ್ತದೆ: ಇವಳ ನಿರ್ಮಲ ದೇಹದಿಂದ ವಯಲೆಟ್‌ಗಳು ಚಿಗುರಲಿ. ಎಷ್ಟು ಸಲ ಓದಿದರೂ ಇಲ್ಲಿ ನನಗೆ ಗಂಟಲು ಕಟ್ಟುತ್ತದೆ.

ಹಳೆಯ ನಿಘಂಟು ಈಗಲೂ ನನ್ನ ಹತ್ತಿರವಿದೆ. ವಯಲೆಟ್ ಪದದ ಎದುರು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ: 1.3, 4.5, 5.1.