ಕಾಲೇಜು ಹುಡುಗರ ಆಟಕ್ಕೆ ಲಕ್ಷ ಜನ ಯಾಕೆ ಸೇರುತ್ತಾರೆ?

ಟೆಕ್ಸಸ್‌ನ ಕಾಲೇಜ್ ಸ್ಟೇಷನ್‌ನಲ್ಲಿ ಇದ್ದೇನೆ ಅಂದರೆ ಸಾಕು, ಊರಿನವರು ಕೇಳುವುದು ಇದನ್ನೇ: "ಅಲ್ಲಿ ಕಾಲೇಜು ಹುಡುಗರ ಮ್ಯಾಚಿಗೆ ಲಕ್ಷ ಜನ ಸೇರ್ತಾರಂತಲ್ಲ, ನಿಜಾನಾ? ಯಾಕೆ?" ಬೆಂಗಳೂರು, ಮೈಸೂರು ಕಡೆಯಿಂದ ಟೆಕ್ಸಸ್ ಎ ಅಂಡ್ ಎಂ ಯೂನಿವರ್ಸಿಟಿಗೆ ಎಂ.ಎಸ್. ಮಾಡಲು ಬರುವ ಮಕ್ಕಳೂ ಮೊದಲ ಸೆಮಿಸ್ಟರಿನಲ್ಲಿ ಇದನ್ನೇ ಕೇಳುತ್ತಾರೆ. ನಮ್ಮಲ್ಲಿ ಯೂನಿವರ್ಸಿಟಿ ಮಟ್ಟದ ಪಂದ್ಯ ಅಂದರೆ ಆಡುವವರ ಗೆಳೆಯರು, ಪಿ.ಟಿ. ಮೇಷ್ಟ್ರು, ಅಷ್ಟೇ ಅಲ್ವಾ.

ನಿಜ. ಇಲ್ಲಿನ ಕೈಲ್ ಫೀಲ್ಡ್ ಸ್ಟೇಡಿಯಂನಲ್ಲಿ 1,02,733 ಜನರಿಗೆ ಜಾಗ ಇದೆ. 2014ರ ಅಕ್ಟೋಬರಿನಲ್ಲಿ ಒಂದು ಪಂದ್ಯಕ್ಕೆ ಸೀಟುಗಳಿಗಿಂತ ಹೆಚ್ಚು, 1,10,633 ಜನ ಬಂದಿದ್ದರು. ಆಟ ನಮಗೆ ಗೊತ್ತಿರುವ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್. ಗೆಲುವಿನ ಆಸೆಗೆ ಸೇರುತ್ತಾರೆ ಅನ್ನೋಣ ಅಂದರೆ, ದೇಶದ ನಂಬರ್ ಒನ್ ತಂಡವಾಗಿ ಇವರು ಸೀಸನ್ ಮುಗಿಸಿದ್ದು 1939ರಲ್ಲಿ! ನನ್ನ ಉತ್ತರ ಬೇರೆ. ಆ ಸ್ಟೇಡಿಯಂಗೆ ಬರುವ ಪ್ರತಿಯೊಬ್ಬರಿಗೂ ಅಲ್ಲಿ ಒಂದು ಕೆಲಸ ಇದೆ. ತೇರಿನ ಹಗ್ಗಕ್ಕೆ ಕೈ ಹಾಕಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ.

ಈ ಕೆಲಸದ ಕಥೆ ಶುರುವಾಗುವುದು 1922ರ ಜನವರಿ 2ರಂದು, ಡಲ್ಲಾಸ್‌ನಲ್ಲಿ. ಎದುರಾಳಿ ಸೆಂಟರ್ ಕಾಲೇಜು, ಆ ಕಾಲದ ಬಲವಾದ ತಂಡ. ಎ ಅಂಡ್ ಎಂ ಆಟಗಾರರು ಒಬ್ಬರಾದ ಮೇಲೊಬ್ಬರು ಗಾಯಗೊಂಡು ಹೊರಬಂದರು. ಕೋಚ್ ಡೇನಾ ಬೈಬಲ್ ಅವರಿಗೆ ಬದಲಿ ಆಟಗಾರರೇ ಮುಗಿಯುವ ಹಾಗಾಯಿತು. ಆಗ ಅವರಿಗೆ ನೆನಪಾದವನು ಇ. ಕಿಂಗ್ ಗಿಲ್ ಎಂಬ ವಿದ್ಯಾರ್ಥಿ. ಮೊದಲು ತಂಡದಲ್ಲಿದ್ದು, ಬಾಸ್ಕೆಟ್‌ಬಾಲ್ ಆಡಲು ಬಿಟ್ಟುಹೋಗಿದ್ದ. ಅವತ್ತು ಮೇಲೆ ಪ್ರೆಸ್ ಬಾಕ್ಸಿನಲ್ಲಿ ಕೂತು ಯಾರು ಯಾವ ಆಟಗಾರ ಅಂತ ಪತ್ರಕರ್ತರಿಗೆ ಹೇಳುತ್ತಿದ್ದ. ಕೋಚ್ ಕರೆದರು. ಇಳಿದು ಬಂದ, ಗಾಯಗೊಂಡವನೊಬ್ಬನ ಬಟ್ಟೆ ತೊಟ್ಟ, ಗೆರೆಯ ಪಕ್ಕ ನಿಂತ. ತಂಡ 22-14ರಿಂದ ಗೆದ್ದಿತು. ಗಿಲ್‌ಗೆ ಅಂಗಳಕ್ಕೆ ಇಳಿಯುವ ಅಗತ್ಯವೇ ಬರಲಿಲ್ಲ. ಒಂದು ಕ್ಷಣವೂ ಆಡದ ಈ ಹುಡುಗನ ಪ್ರತಿಮೆ ಇವತ್ತು ಸ್ಟೇಡಿಯಂ ಹೊರಗೆ ಇದೆ.

ಅಂಗಳದಲ್ಲಿ 11 ಜನ ಆಡುತ್ತಾರೆ. ಗಿಲ್ ಹನ್ನೆರಡನೆಯವನು. ಆ ಸಾಲಿನಲ್ಲಿ ಈಗ ಎಲ್ಲಾ ವಿದ್ಯಾರ್ಥಿಗಳೂ ಸೇರುತ್ತಾರೆ. ಅದಕ್ಕೇ ಪಂದ್ಯ ಮುಗಿಯುವವರೆಗೂ ಅವರು ಕೂರುವುದಿಲ್ಲ. ಮೂರೂವರೆ ಗಂಟೆ, ಸೆಪ್ಟೆಂಬರಿನ ಟೆಕ್ಸಸ್ ಬಿಸಿಲಿನಲ್ಲೂ ನಿಂತೇ ಇರುತ್ತಾರೆ. ಸ್ಕಾಲರ್‌ಶಿಪ್ ಇಲ್ಲದೆ ತಂಡ ಸೇರಿದ ಒಬ್ಬ ಆಟಗಾರನಿಗೆ 12ನೇ ನಂಬರಿನ ಜೆರ್ಸಿ ಮೀಸಲು.

ನಿಲ್ಲುವುದಷ್ಟೇ ಅಲ್ಲ, ಕೂಗುವುದಕ್ಕೂ ಒಂದು ಕ್ರಮ ಇದೆ. ಇಲ್ಲಿ ಚಿಯರ್‌ಲೀಡರ್‌ಗಳಿಲ್ಲ. ವಿದ್ಯಾರ್ಥಿಗಳೇ ವೋಟು ಹಾಕಿ ಆರಿಸಿದ ಐದು ಜನ ಯೆಲ್ ಲೀಡರ್‌ಗಳಿದ್ದಾರೆ, ಬಿಳಿ ಬಟ್ಟೆಯಲ್ಲಿ ಗೆರೆಯ ಹತ್ತಿರ ನಿಂತಿರುತ್ತಾರೆ. ಯಾವ ಘೋಷಣೆ ಅಂತ ಕೈಸನ್ನೆ ಮಾಡುತ್ತಾರೆ. ಕೆಳಗಿನ ಸಾಲಿನವರು ಅದೇ ಸನ್ನೆಯನ್ನು ಹಿಂದಿನವರಿಗೆ ತೋರಿಸುತ್ತಾರೆ, ಅವರು ಇನ್ನೂ ಹಿಂದಿನವರಿಗೆ. ಕೆಲವೇ ಕ್ಷಣಗಳಲ್ಲಿ ಅದು ಮೇಲಿನ ಅಂತಸ್ತು ಮುಟ್ಟುತ್ತದೆ. ಆಮೇಲೆ ಎಲ್ಲರೂ ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ, ಒಂದೇ ದನಿಯಲ್ಲಿ ಕೂಗುತ್ತಾರೆ. ಎದೆಯೊಳಗೆ ಕೇಳಿಸುವ ಸದ್ದು ಅದು. ಇದರ ಅಭ್ಯಾಸ ಹಿಂದಿನ ರಾತ್ರಿ 12 ಗಂಟೆಗೆ, ಅದೇ ಸ್ಟೇಡಿಯಂನಲ್ಲಿ. ಅದಕ್ಕೆ ಮಿಡ್‌ನೈಟ್ ಯೆಲ್ ಅಂತ ಹೆಸರು. ಸೋತ ದಿನವೂ ವಿದ್ಯಾರ್ಥಿಗಳು ಜಾಗ ಬಿಡದೆ ನಿಂತು ಮುಂದಿನ ಪಂದ್ಯಕ್ಕೆ ಕೂಗು ಅಭ್ಯಾಸ ಮಾಡಿ ಹೋಗುತ್ತಾರೆ. ನನಗೆ ಈ ಊರಿನ ಮೇಲೆ ಪ್ರೀತಿ ಹುಟ್ಟಿದ್ದು ಇದನ್ನು ನೋಡಿದ ಮೇಲೆಯೇ.

ಇಷ್ಟು ಶಿಸ್ತು ಎಲ್ಲಿಂದ ಬಂತು? ಇದು 1876ರಲ್ಲಿ ಬಾಗಿಲು ತೆರೆದ ಕೃಷಿ ಮತ್ತು ಯಂತ್ರವಿದ್ಯೆಯ ಕಾಲೇಜು. ದಶಕಗಟ್ಟಲೆ ಇಲ್ಲಿ ಹುಡುಗರು ಮಾತ್ರ, ಅವರಿಗೆ ಮಿಲಿಟರಿ ತರಬೇತಿ ಕಡ್ಡಾಯ. 1960ರ ದಶಕದಲ್ಲಿ ಹುಡುಗಿಯರು ಬಂದರು, ಕೆಡೆಟ್ ದಳ ಸೇರುವುದು ಅವರವರ ಇಷ್ಟಕ್ಕೆ ಬಿಟ್ಟಿದ್ದಾಯಿತು. ಎರಡನೇ ಮಹಾಯುದ್ಧದಲ್ಲಿ ಇಲ್ಲಿಯ 20,000ಕ್ಕೂ ಹೆಚ್ಚು ಜನ ಸೇವೆ ಸಲ್ಲಿಸಿದ್ದಾರೆ. ಹೀಗಾಗಿ ಆಟದ ಸಂಪ್ರದಾಯ ಮತ್ತು ಸತ್ತವರ ನೆನಪು ಇಲ್ಲಿ ಒಂದರೊಳಗೊಂದು ಬೆರೆತಿವೆ.

ಯೂನಿವರ್ಸಿಟಿಯ ಲಾಂಛನವಾದ ರೆವೆಲಿ ಎಂಬ ನಾಯಿಯನ್ನೇ ನೋಡಿ, ಒಂದರ ನಂತರ ಬರುವ ಇನ್ನೊಂದಕ್ಕೂ ಅದೇ ಹೆಸರು. 1931ರಲ್ಲಿ ಕೆಡೆಟ್‌ಗಳು ತಮ್ಮ ಕಾರಿಗೆ ಸಿಕ್ಕ ಒಂದು ಬೀದಿನಾಯಿಯನ್ನು ಕದ್ದುಮುಚ್ಚಿ ಹಾಸ್ಟೆಲಿಗೆ ತಂದರು. ಬೆಳಗ್ಗೆ ಎಬ್ಬಿಸುವ ಕಹಳೆಗೆ ಅದು ಬೊಗಳಿತು, ಆ ಕಹಳೆಯ ಹೆಸರೇ ಅದಕ್ಕೆ ಬಂತು. ಈಗಿನ ರೆವೆಲಿ ಕೋಲಿ ಎಂಬ ನಾಯಿ ತಳಿಯದು, ಕೆಡೆಟ್ ದಳದಲ್ಲಿ ಎಲ್ಲರಿಗಿಂತ ಮೇಲಿನ ದರ್ಜೆ. ಹಳೆಯ ರೆವೆಲಿಗಳ ಸಮಾಧಿ ಸ್ಟೇಡಿಯಂನ ಉತ್ತರಕ್ಕಿದೆ. ಕಟ್ಟಡ ಎತ್ತರಿಸಿದಾಗ ಸಮಾಧಿಯ ಕಡೆಯಿಂದ ಸ್ಕೋರ್ ಕಾಣದಂತಾಯಿತು ಅಂತ, ಅವಕ್ಕೋಸ್ಕರವೇ ಹೊರಗೆ ಪುಟ್ಟ ಸ್ಕೋರ್‌ಬೋರ್ಡ್ ಹಾಕಿದ್ದಾರೆ.

ವಿದ್ಯಾರ್ಥಿ ಯಾರಾದರೂ ತೀರಿಕೊಂಡರೆ, ಮುಂದಿನ ತಿಂಗಳ ಮೊದಲ ಮಂಗಳವಾರ ರಾತ್ರಿ ಕ್ಯಾಂಪಸ್ ದೀಪ ಆರಿಸಿ ಸಾವಿರಾರು ಜನ ಮಾತಿಲ್ಲದೆ ನಿಲ್ಲುತ್ತಾರೆ. ಕಹಳೆ ಮೂರು ಸಲ ನುಡಿಯುತ್ತದೆ, ಉತ್ತರಕ್ಕೆ, ದಕ್ಷಿಣಕ್ಕೆ, ಪಶ್ಚಿಮಕ್ಕೆ. ಆ ವಿದ್ಯಾರ್ಥಿಗೆ ಇನ್ನು ಸೂರ್ಯ ಹುಟ್ಟುವುದಿಲ್ಲ ಅಂತ ಪೂರ್ವಕ್ಕೆ ನುಡಿಸುವುದಿಲ್ಲ. ಯಾವ ದೇಶದಿಂದ ಬಂದವರಾದರೂ ಈ ಗೌರವ ಒಂದೇ.

ಸಂಪ್ರದಾಯವನ್ನು ಇಷ್ಟು ಹೊಗಳಿದ ಮೇಲೆ ಬಾನ್‌ಫೈರ್ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಆಸ್ಟಿನ್‌ನ ಯೂನಿವರ್ಸಿಟಿ ಆಫ್ ಟೆಕ್ಸಸ್ ಇವರ ಹಳೆಯ ಎದುರಾಳಿ. ಆ ಪಂದ್ಯಕ್ಕೆ ಮುಂಚೆ ವಿದ್ಯಾರ್ಥಿಗಳೇ ಮರ ಕಡಿದು, ಹೊತ್ತು ತಂದು, ದೊಡ್ಡ ರಾಶಿ ಕಟ್ಟಿ ಬೆಂಕಿ ಹಚ್ಚುತ್ತಿದ್ದರು. ವರ್ಷ ಕಳೆದಂತೆ ರಾಶಿ ಬೆಳೆಯಿತು. 1999ರಲ್ಲಿ ಸುಮಾರು 5,000 ದಿಮ್ಮಿಗಳು, 59 ಅಡಿ ಎತ್ತರ. ನವೆಂಬರ್ 18ರ ಬೆಳಗಿನ ಜಾವ 2:42ಕ್ಕೆ, ಮೇಲೆ ಹುಡುಗರು ಕೆಲಸ ಮಾಡುತ್ತಿರುವಾಗಲೇ ಅದು ಕುಸಿಯಿತು. 12 ಜನ ಸತ್ತರು, 27 ಜನಕ್ಕೆ ಗಾಯ. ಇಂಜಿನಿಯರಿಂಗಿಗೆ ಹೆಸರಾದ ಕ್ಯಾಂಪಸ್ಸಿನಲ್ಲಿ ಆ ರಾಶಿಗೆ ಸರಿಯಾದ ಇಂಜಿನಿಯರಿಂಗ್ ಉಸ್ತುವಾರಿ ಇರಲಿಲ್ಲ. ಹಿರಿಯರು ಕಿರಿಯರಿಗೆ ಹೇಳಿಕೊಟ್ಟಿದ್ದೇ ಲೆಕ್ಕ.

ಎಂಟು ದಿನದ ನಂತರ ಪಂದ್ಯ ನಡೆಯಿತು. ವಿರಾಮದಲ್ಲಿ ಎದುರಾಳಿ ಯೂನಿವರ್ಸಿಟಿಯ ಬ್ಯಾಂಡ್ ಶೋಕಗೀತೆ ನುಡಿಸಿ, ಟೋಪಿ ತೆಗೆದು ಹೊರನಡೆಯಿತು. ರಾಶಿ ಬಿದ್ದ ಜಾಗದಲ್ಲಿ ಈಗ ಸ್ಮಾರಕ ಇದೆ. ಸುತ್ತಲೂ 12 ದ್ವಾರಗಳು, ಒಂದೊಂದೂ ಸತ್ತ ಒಬ್ಬೊಬ್ಬರ ಊರಿನ ದಿಕ್ಕಿಗೆ ಮುಖ ಮಾಡಿದೆ. ಒಳಗೆ ನಿಂತರೆ ನೀವು ಒಬ್ಬರ ಮನೆಯ ಕಡೆ ನೋಡುತ್ತಿರುತ್ತೀರಿ. ಬಾನ್‌ಫೈರನ್ನು ಕ್ಯಾಂಪಸ್ಸಿಗೆ ಮತ್ತೆ ತರೋಣ ಎಂಬ ಮಾತು ಬಂದಾಗ, 2024ರಲ್ಲಿ ಯೂನಿವರ್ಸಿಟಿ ಅಧ್ಯಕ್ಷರು ಬೇಡ ಎಂದರು. ಅದೇ ಸರಿ ಅಂತ ನನ್ನ ಅಭಿಪ್ರಾಯ. ಒಂದು ಆಚರಣೆ ಮಕ್ಕಳ ಜೀವ ತೆಗೆದ ಮೇಲೆ ಅದನ್ನು ನಿಲ್ಲಿಸುವುದೂ ಹಿರಿಯರ ಕೆಲಸ.

ದುಡ್ಡಿನ ವಿಷಯ ಕೇಳುವವರೂ ಜಾಸ್ತಿ. ಹೌದು, ಇದರಲ್ಲಿ ಬಹಳ ದುಡ್ಡಿದೆ. 2023ರಲ್ಲಿ ಕೋಚ್ ಜಿಂಬೋ ಫಿಶರ್ ಅವರನ್ನು ತೆಗೆದಾಗ, ಒಪ್ಪಂದದ ಪ್ರಕಾರ ಅವರಿಗೆ ಕೊಡಬೇಕಾದ ಮೊತ್ತ 7.5 ಕೋಟಿ ಡಾಲರ್ ದಾಟಿತ್ತು. ಒಬ್ಬರನ್ನು ಕೆಲಸದಿಂದ ಬಿಡಿಸಲು ಅಷ್ಟು! ಇದು ನನಗೆ ಒಪ್ಪಿಗೆಯಾಗುವುದಿಲ್ಲ. ಆದರೆ ಮೈ ಮುರಿದುಕೊಳ್ಳುವ ಆಟಗಾರರಿಗೆ 2021ರವರೆಗೆ ಸ್ಕಾಲರ್‌ಶಿಪ್ ಬಿಟ್ಟು ಹೆಚ್ಚೇನೂ ಸಿಗುತ್ತಿರಲಿಲ್ಲ. ಆಮೇಲೆ ಜಾಹೀರಾತಿನಿಂದ ಗಳಿಸಲು ಬಿಟ್ಟರು, 2025ರಿಂದ ಯೂನಿವರ್ಸಿಟಿಗಳೇ ನೇರವಾಗಿ ಪಾಲು ಕೊಡಬಹುದು. ಎಂದೋ ಆಗಬೇಕಿತ್ತು.

ಹೊಸದಾಗಿ ಬಂದಿರುವವರು ಒಂದು ಪಂದ್ಯಕ್ಕಾದರೂ ಹೋಗಿ. ವಿದ್ಯಾರ್ಥಿಗಳಿಗೆ ಸ್ಪೋರ್ಟ್ಸ್ ಪಾಸ್ ಇದೆ, ಪಂದ್ಯದ ವಾರ ಸರದಿಯಲ್ಲಿ ನಿಂತು ಟಿಕೆಟ್ ತಗೋಬೇಕು. ಮರೂನ್ ಬಣ್ಣ ಹಾಕಿಕೊಳ್ಳಿ, ಕಿತ್ತಳೆ ಬೇಡವೇ ಬೇಡ, ಅದು ಆಸ್ಟಿನ್‌ನವರದು. ಒಳ್ಳೆಯ ಶೂ ಇರಲಿ, ನೀರು ಕುಡಿಯುತ್ತಿರಿ. ಮಿಡ್‌ನೈಟ್ ಯೆಲ್‌ಗೆ ಟಿಕೆಟ್ ಬೇಕಾಗಿಲ್ಲ. ಹಿಂದಿನ ರಾತ್ರಿ ಅಲ್ಲಿಗೆ ಹೋಗಿ ಕೈಸನ್ನೆಗಳನ್ನು ಕಲಿತುಕೊಂಡರೆ, ಮರುದಿನ ನಿಮ್ಮ ಹಿಂದಿನ ಸಾಲಿಗೆ ನೀವೇ ದಾಟಿಸಬಹುದು.